ಲಾನಿಗೆ ಹೊಡೆದ ಔಷಧಿ ಕೆಲಸ ಮಾಡುತ್ತಿಲ್ಲವೇ? ಬ್ರ್ಯಾಂಡ್ ಬದಲಿಸುವ ಮುಂಚೆ ಗುಂಪು ನೋಡಿ

"ಹೋದ ವರ್ಷ ಒಂದೇ ಸಲ ಹೊಡೆದಿದ್ದಕ್ಕೆ ಕಲೆ ಹೋಗಿತ್ತು. ಈ ಸಲ ಮೂರು ಬಾರಿ ಹೊಡೆದಾಯ್ತು, ಜಪ್ಪಯ್ಯ ಅಂದರೂ ಹೋಗ್ತಿಲ್ಲ. ಔಷಧಿ ಡೂಪ್ಲಿಕೇಟಾ?" ಮಳೆ ನಿಂತು ಬೆಳಗಿನ ಇಬ್ಬನಿ ಶುರುವಾಗುತ್ತಿದ್ದಂತೆ ಮೈಸೂರು, ಮಂಡ್ಯ ಕಡೆಯಿಂದ ಈ ಪ್ರಶ್ನೆ ತಪ್ಪದೆ ಬರುತ್ತದೆ. ಬೋಗಾದಿ, ವಿಜಯನಗರದ ಮನೆಯವರು ಕೇಳುತ್ತಾರೆ. ಕೆ.ಆರ್.ಎಸ್. ರಸ್ತೆಯ ರೆಸಾರ್ಟ್‌ಗಳ ಮಾಲಿಗಳು, ಕಲ್ಯಾಣ ಮಂಟಪದ ಲಾನ್ ನೋಡಿಕೊಳ್ಳುವವರು, ಶಾಲೆ ಮೈದಾನದ ಹೊಣೆ ಹೊತ್ತವರು ಕೂಡ ಕೇಳುತ್ತಾರೆ.

ಡೂಪ್ಲಿಕೇಟ್ ಇರಬಹುದು, ಆದರೆ ಅದನ್ನು ಕೊನೆಗೆ ಅನುಮಾನಿಸಿ. ಮೊದಲು ಮೂರು ಸಂಗತಿ ನೋಡಬೇಕು, ಅದೂ ಇದೇ ಕ್ರಮದಲ್ಲಿ: ರೋಗವನ್ನು ತಪ್ಪಾಗಿ ಗುರುತಿಸಿದ್ದೀರಾ, ಸಿಂಪಡಣೆಯಲ್ಲಿ ಎಡವಟ್ಟಾಗಿದೆಯಾ, ಇವೆರಡೂ ಅಲ್ಲದಿದ್ದರೆ ಶಿಲೀಂಧ್ರ ಆ ಔಷಧಿಗೆ ನಿರೋಧಕತೆ ಬೆಳೆಸಿಕೊಂಡಿದೆಯಾ.

ನಿರೋಧಕತೆ ಎಂದರೆ ಇಷ್ಟು. ನಿಮ್ಮ ಹುಲ್ಲಿನ ಮೇಲಿರುವ ಶಿಲೀಂಧ್ರಗಳಲ್ಲಿ ಆ ಔಷಧಿಗೆ ಜಗ್ಗದ ಬೆರಳೆಣಿಕೆಯವು ಮೊದಲಿನಿಂದಲೇ ಇರುತ್ತವೆ. ಅದೇ ಔಷಧಿ ಮತ್ತೆ ಮತ್ತೆ ಬಿದ್ದಾಗ ಜಗ್ಗುವವು ಸಾಯುತ್ತವೆ, ಜಗ್ಗದವು ಉಳಿದು ಹೆಚ್ಚುತ್ತವೆ, ಜರಡಿ ಹಿಡಿದ ಹಾಗೆ. ಒಂದು ದಿನ ಇಡೀ ಲಾನಿನಲ್ಲಿ ಜಗ್ಗದವೇ ತುಂಬಿರುತ್ತವೆ. ಹುಲ್ಲುಹಾಸಿನಲ್ಲಿ ಇದು ಹಳೆಯ ಕಥೆ. ಅಮೆರಿಕದ ಗಾಲ್ಫ್ ಮೈದಾನಗಳಲ್ಲಿ ಡಾಲರ್ ಸ್ಪಾಟ್ ರೋಗದ ಶಿಲೀಂಧ್ರ ಕಾರ್ಬೆಂಡಜಿಮ್ ಕುಟುಂಬದ ಔಷಧಿಗಳಿಗೆ 1970ರ ದಶಕದ ಆರಂಭದಲ್ಲೇ ಜಗ್ಗದಾಯಿತು. 1980ರ ದಶಕದಲ್ಲಿ ಪಿಥಿಯಂ ರೋಗಾಣು ಮೆಟಲಾಕ್ಸಿಲ್‌ಗೆ ಬಗ್ಗಲಿಲ್ಲ. ಅಜಾಕ್ಸಿಸ್ಟ್ರೋಬಿನ್ ಮಾರುಕಟ್ಟೆಗೆ ಬಂದದ್ದು 1996ರಲ್ಲಿ. ಐದಾರು ವರ್ಷ ಕಳೆಯುವಷ್ಟರಲ್ಲಿ ಅಲ್ಲಿನ ರೈ ಹುಲ್ಲಿನ ಬೂದು ಎಲೆಚುಕ್ಕೆ ರೋಗದ ಮೇಲೆ ಅದು ಕೈಕೊಟ್ಟಿತ್ತು.

ಮೊದಲು ಜೋಡಿಸಿಕೊಳ್ಳಿ

- ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಮಸೂರ
- 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ, 1 ಮತ್ತು 10 ಮಿ.ಲೀ. ಸಿರಿಂಜು (ಔಷಧಿಗೆ ಬಳಸಿದ್ದನ್ನು ಬೇರೆ ಯಾವುದಕ್ಕೂ ಬಳಸಬೇಡಿ)
- ಬೆನ್ನಿಗೆ ಹಾಕುವ 16 ಲೀಟರ್ ಕ್ಯಾನು, ಅದಕ್ಕೆ ಫ್ಲಾಟ್ ಫ್ಯಾನ್ ನಾಜಲ್
- 1 ಲೀಟರ್ ಕೈಪಂಪು, ಅಳತೆ ಟೇಪು, ನಾಲ್ಕಾರು ಗೂಟ, ದಾರ
- ಬೋರ್ ನೀರಿದ್ದರೆ ಪಿಎಚ್ ಪಟ್ಟಿ
- ಕೈಗವಸು, ಮಾಸ್ಕ್, ಕನ್ನಡಕ, ಬೂಟು
- ಒಂದು ನೋಟ್‌ಬುಕ್

ಹಂತ 1: ರೋಗ ಯಾವುದೆಂದು ಖಾತ್ರಿ ಮಾಡಿಕೊಳ್ಳಿ

ಬೆಳಿಗ್ಗೆ ಆರೂವರೆಯ ಹೊತ್ತಿಗೆ, ಇಬ್ಬನಿ ಆರುವ ಮುಂಚೆ ನೋಡಿ. ಹತ್ತು ಗಂಟೆ ಬಿಸಿಲಿನಲ್ಲಿ ಎಲ್ಲ ರೋಗವೂ ಒಣಹುಲ್ಲಿನಂತೆಯೇ ಕಾಣುತ್ತದೆ.

ಮೊದಲು ರೋಗವಲ್ಲದ್ದನ್ನು ತಳ್ಳಿಹಾಕಿ. ಹುಲ್ಲು ಹಿಡಿದೆಳೆದರೆ ಚಾಪೆಯಂತೆ ಸುರುಳಿ ಬಂದರೆ ಕೆಳಗೆ ಗೊಣ್ಣೆಹುಳು ಬೇರು ತಿಂದಿದೆ. ಕಲೆಯ ನಡುವೆ ಸತ್ತು ಸುತ್ತ ಕಡುಹಸಿರು ಉಂಗುರವಿದ್ದರೆ ನಾಯಿ ಮೂತ್ರವೇ ಹೆಚ್ಚು. ಎಲೆತುದಿಗಳೆಲ್ಲ ಒಂದೇ ಎತ್ತರದಲ್ಲಿ ಬಿಳಿಚಿ ಸೀಳಿದ್ದರೆ ಮೂವರ್ (ಹುಲ್ಲು ಕತ್ತರಿಸುವ ಯಂತ್ರ) ಬ್ಲೇಡು ಮೊಂಡಾಗಿದೆ.

ಇನ್ನು ರೋಗಗಳು.

ಡಾಲರ್ ಸ್ಪಾಟ್: ಹಳೆಯ ರೂಪಾಯಿ ನಾಣ್ಯದಿಂದ ಅಂಗೈಯಷ್ಟರವರೆಗಿನ ಒಣಹುಲ್ಲು ಬಣ್ಣದ ಕಲೆಗಳು, ಸೇರಿಕೊಂಡು ದೊಡ್ಡ ತೇಪೆಯಾಗುತ್ತವೆ. ಇಬ್ಬನಿಯಲ್ಲಿ ಜೇಡರ ಬಲೆಯಂಥ ಬಿಳಿ ಎಳೆ ಕಾಣುತ್ತದೆ. ಕಲೆಯ ಅಂಚಿನ ಎಲೆಯನ್ನು ಮಸೂರದಲ್ಲಿ ನೋಡಿ: ಮಚ್ಚೆ ಎಲೆಯ ಅಡ್ಡಗಲಕ್ಕೂ ಹಬ್ಬಿ ನಡುವೆ ಸೊಂಟ ಕಿರಿದಾಗಿರುತ್ತದೆ, ಮೇಲೆ ಕೆಳಗೆ ಕಂದು ಅಂಚು. ಎಳೆ ಕಂಡಾಕ್ಷಣ ನಿರ್ಧರಿಸಬೇಡಿ. ನಿಜವಾದ ಜೇಡರ ಬಲೆ ಹುಲ್ಲಿನ ಮೇಲೆ ಚಪ್ಪಟೆಯಾಗಿ ಹಾಸಿರುತ್ತದೆ, ಅದರ ಕೆಳಗಿನ ಎಲೆಗಳಲ್ಲಿ ಮಚ್ಚೆ ಇರುವುದಿಲ್ಲ.

ರೈಜಾಕ್ಟೋನಿಯಾ: ಒಂದಡಿಯಿಂದ ಹಲವು ಅಡಿಯವರೆಗಿನ ವೃತ್ತ. ಹರಡುತ್ತಿರುವಾಗ ಅಂಚು ಕಿತ್ತಳೆಗಂದು. ಮೆಕ್ಸಿಕನ್ ಹುಲ್ಲಿನಲ್ಲಿ ಎಳೆದರೆ ಎಲೆ ಬುಡದಿಂದಲೇ ಕಳಚಿ ಬರುತ್ತದೆ, ಬುಡ ಕೊಳೆತಿರುತ್ತದೆ. ಭತ್ತದಲ್ಲಿ ಎಲೆ ಕವಚದ ಮಚ್ಚೆ ರೋಗ ತರುವುದೂ ಇದೇ ಜಾತಿಯ ಶಿಲೀಂಧ್ರ, ಒಳಗುಂಪು ಮಾತ್ರ ಬೇರೆ.

ಪಿಥಿಯಂ: ಸೆಕೆ, ನೀರು ಎರಡೂ ಇದ್ದಾಗ ಒಂದೇ ರಾತ್ರಿಯಲ್ಲಿ ಬರುತ್ತದೆ. ಹುಲ್ಲು ಎಣ್ಣೆ ಹಚ್ಚಿದಂತೆ ಕಪ್ಪಾಗಿ ಅಂಟಂಟಾಗುತ್ತದೆ. ಕಲೆ ದುಂಡಗಿರದೆ ನೀರು ಹರಿದ ದಾರಿ ಅಥವಾ ಮೂವರ್ ಓಡಿದ ಸಾಲು ಹಿಡಿದಿರುತ್ತದೆ.

ತುಕ್ಕು ರೋಗಕ್ಕೆ ಮಸೂರವೇ ಬೇಡ, ಬಿಳಿ ಶೂ ಹಾಕಿಕೊಂಡು ನಡೆದರೆ ಕಿತ್ತಳೆ ಪುಡಿ ಹತ್ತುತ್ತದೆ. ಬೈಪೋಲಾರಿಸ್, ಕರ್ವುಲೇರಿಯಾ ಎಂಬ ಎಲೆಚುಕ್ಕೆಗಳಲ್ಲಿ ಸಣ್ಣ ಕಡುಗಂದು ಚುಕ್ಕೆ ಬಂದು ಇಡೀ ಲಾನು ತೆಳ್ಳಗಾಗುತ್ತಾ ಹೋಗುತ್ತದೆ.

ಇಷ್ಟು ವಿವರ ಯಾಕೆ ಬೇಕೆಂದರೆ, ನಿರೋಧಕತೆ ಎಂದು ದೂರುವವರಲ್ಲಿ ಅನೇಕರ ತೊಂದರೆ ಇಲ್ಲೇ ಇರುತ್ತದೆ. ಪಿಥಿಯಂ ನಿಜವಾದ ಶಿಲೀಂಧ್ರವಲ್ಲ, ನೀರಿನ ಬೂಷ್ಟಿನ ವರ್ಗಕ್ಕೆ ಸೇರಿದ್ದು. ಕಾರ್ಬೆಂಡಜಿಮ್ ಆಗಲಿ, ಪ್ರೊಪಿಕೊನಜೋಲ್ ಆಗಲಿ ಅದರ ಮೇಲೆ ಎಂದೂ ಕೆಲಸ ಮಾಡಿಲ್ಲ, ಮಾಡುವುದೂ ಇಲ್ಲ. ಬೈಪೋಲಾರಿಸ್, ಕರ್ವುಲೇರಿಯಾ ಮೇಲೂ ಕಾರ್ಬೆಂಡಜಿಮ್ ನಾಟುವುದಿಲ್ಲ. ಪೈಪೋಟಿ ಕೊಡುವ ಬೇರೆ ಶಿಲೀಂಧ್ರಗಳು ಸತ್ತು ಎಲೆಚುಕ್ಕೆ ಇನ್ನಷ್ಟು ಜೋರಾಗಬಹುದು. ಇದಕ್ಕೆ ನಿರೋಧಕತೆ ಎನ್ನುವುದಿಲ್ಲ, ತಪ್ಪು ಔಷಧಿ ಎನ್ನುತ್ತಾರೆ.

ಹಂತ 2: ಸಿಂಪಡಣೆಯನ್ನು ಪರೀಕ್ಷಿಸಿ

ನಮ್ಮ ಕಡೆ "ಲೀಟರಿಗೆ ಇಷ್ಟು" ಎಂದು ಲೆಕ್ಕ ಹಾಕುವ ರೂಢಿ. ಲಾನಿಗೆ ಅದು ಸಾಲದು. ಒಬ್ಬರು ಗುಂಟೆಗೆ 3 ಲೀಟರ್ ಹೊಡೆಯುತ್ತಾರೆ, ಇನ್ನೊಬ್ಬರು 12 ಲೀಟರ್. ಲೀಟರಿನ ಲೆಕ್ಕ ಒಂದೇ ಆದರೂ ಹುಲ್ಲಿಗೆ ಬಿದ್ದ ಔಷಧಿ ನಾಲ್ಕು ಪಟ್ಟು ಹೆಚ್ಚುಕಮ್ಮಿ. ಜಾಗದ ಲೆಕ್ಕ ಹಿಡಿಯಿರಿ.

ಗುಂಟೆ ಎಂದರೆ 33 ಅಡಿಗೆ 33 ಅಡಿ, ಸುಮಾರು 101 ಚದರ ಮೀಟರ್. ಲೇಬಲ್ಲಿನಲ್ಲಿ ಎಕರೆಗೆ ಹೇಳಿದ್ದನ್ನು 40ರಿಂದ ಭಾಗಿಸಿದರೆ ಗುಂಟೆಯ ಡೋಸ್ (ಹೆಕ್ಟೇರಿಗೆ ಹೇಳಿದ್ದರೆ ಸುಮಾರು 100ರಿಂದ). ಎಕರೆಗೆ 200 ಮಿ.ಲೀ. ಎಂದಿದ್ದರೆ ಗುಂಟೆಗೆ 5 ಮಿ.ಲೀ., 600 ಗ್ರಾಂ ಎಂದಿದ್ದರೆ 15 ಗ್ರಾಂ. ಎಲೆಯ ರೋಗವಾದರೆ ಅಷ್ಟನ್ನು 8 ಲೀಟರ್ ನೀರಿನಲ್ಲಿ ಬೆರೆಸಿ ಒಂದು ಗುಂಟೆಗೆ ಹೊಡೆಯಿರಿ. ಒಂದು ಕ್ಯಾನು ಎರಡು ಗುಂಟೆಗೆ ಸರಿಯಾಗುತ್ತದೆ. ಬುಡ ಕೊಳೆಯುವ ರೋಗಕ್ಕೆ ನೀರನ್ನು ಗುಂಟೆಗೆ 16 ಲೀಟರಿಗೆ ಏರಿಸಿ, ಔಷಧಿಯ ಪ್ರಮಾಣ ಮಾತ್ರ ಅಷ್ಟೇ ಇರಲಿ.

ನಿಮ್ಮ ನಡಿಗೆಗೆ ಎಷ್ಟು ಬೀಳುತ್ತದೆ ಎಂದು ತಿಳಿಯಲು ಕ್ಯಾನಿಗೆ ಬರೀ 10 ಲೀಟರ್ ನೀರು ಹಾಕಿ, ಒಂದು ಗುಂಟೆ ಗುರುತು ಮಾಡಿ ಎಂದಿನಂತೆ ಹೊಡೆದು ಬನ್ನಿ. ಉಳಿದ ನೀರನ್ನು ಅಳೆಯಿರಿ. 2 ಲೀಟರ್ ಉಳಿದರೆ ಸರಿ. 5 ಉಳಿದರೆ ನೀವು ಓಡುತ್ತಿದ್ದೀರಿ.

ಸಾಮಾನ್ಯವಾಗಿ ಎಡವುವ ಜಾಗಗಳು:

ಪುಡಿ ಔಷಧಿ ತಳ ಸೇರುತ್ತದೆ. ಮೊದಲು ಮಗ್ಗಿನಲ್ಲಿ ಪೇಸ್ಟ್ ಮಾಡಿ, ಅರ್ಧ ತುಂಬಿದ ಕ್ಯಾನಿಗೆ ಸುರಿದು, ಆಮೇಲೆ ಪೂರ್ತಿ ತುಂಬಿ. ನಡುನಡುವೆ ಕ್ಯಾನು ಅಲುಗಾಡಿಸಿ. ಇಲ್ಲದಿದ್ದರೆ ಮೊದಲ ಅರ್ಧ ಲಾನಿಗೆ ಡಬಲ್ ಡೋಸ್, ಉಳಿದರ್ಧಕ್ಕೆ ಬರೀ ನೀರು.

ಬೋರ್ ನೀರಿನ ಪಿಎಚ್ 8 ದಾಟಿದ್ದರೆ ಕ್ಯಾಪ್ಟಾನ್ ಮುಟ್ಟಬೇಡಿ. ಆ ಕ್ಷಾರದಲ್ಲಿ ಅದರ ಅರ್ಧ ಭಾಗ ಸುಮಾರು ಹತ್ತು ನಿಮಿಷದಲ್ಲೇ ಒಡೆದು ಹೋಗುತ್ತದೆ. ಉಳಿದ ಔಷಧಿಗಳು ಇಷ್ಟು ಬೇಗ ಹಾಳಾಗುವುದಿಲ್ಲ, ಆದರೂ ಬೆರೆಸಿದ್ದನ್ನು ನಾಳೆಗೆ ಇಡಬೇಡಿ.

ಹೊಡೆದ ಸಂಜೆಯೇ ಸ್ಪ್ರಿಂಕ್ಲರ್ ಬಿಟ್ಟರೆ ಮ್ಯಾಂಕೋಜೆಬ್‌ನಂಥ ಎಲೆಮೇಲಿನ ಔಷಧಿ ತೊಳೆದುಹೋಯಿತು. ಮಾರನೇ ಬೆಳಿಗ್ಗೆಯೇ ಹುಲ್ಲು ಕತ್ತರಿಸಿದರೆ ಔಷಧಿಯೂ ಬುಟ್ಟಿ ಸೇರಿತು. ಕತ್ತರಿಸಿ, ಹೊಡೆದು, ಕನಿಷ್ಠ ಒಂದು ದಿನ ಬಿಡಿ.

ಮಂಡ್ಯ ಕಡೆ ಇನ್ನೊಂದು ಅಭ್ಯಾಸವಿದೆ: ಗದ್ದೆಗೆ ಹೊಡೆದು ಕ್ಯಾನಿನಲ್ಲಿ ಉಳಿದದ್ದಕ್ಕೆ ಒಂದಷ್ಟು ನೀರು ಸೇರಿಸಿ ಮನೆ ಮುಂದಿನ ಹುಲ್ಲಿಗೆ ಹೊಡೆಯುವುದು. ಅರೆ ಡೋಸ್ ಎಂದರೆ ಗಟ್ಟಿ ಶಿಲೀಂಧ್ರವನ್ನು ನೀವೇ ಆರಿಸಿ ಬೆಳೆಸಿದಂತೆ.

ಹಂತ 3: ಡಬ್ಬಿಯ ಹೆಸರು ಬಿಡಿ, ಗುಂಪಿನ ಸಂಖ್ಯೆ ಹಿಡಿಯಿರಿ

ಶಿಲೀಂಧ್ರನಾಶಕಗಳು ಶಿಲೀಂಧ್ರದೊಳಗೆ ಎಲ್ಲಿ ಪೆಟ್ಟು ಕೊಡುತ್ತವೆ ಎನ್ನುವುದರ ಮೇಲೆ ಅವುಗಳಿಗೆ ಗುಂಪಿನ ಸಂಖ್ಯೆ ಕೊಟ್ಟಿದ್ದಾರೆ. ಇದಕ್ಕೆ ಫ್ರ್ಯಾಕ್ (FRAC, ಶಿಲೀಂಧ್ರನಾಶಕ ನಿರೋಧಕತೆಯ ಕುರಿತ ಅಂತರರಾಷ್ಟ್ರೀಯ ಸಮಿತಿ) ಸಂಖ್ಯೆ ಎನ್ನುತ್ತಾರೆ. ಒಂದೇ ಗುಂಪಿನ ಒಂದಕ್ಕೆ ಜಗ್ಗದ ಶಿಲೀಂಧ್ರ ಸಾಮಾನ್ಯವಾಗಿ ಆ ಗುಂಪಿನ ಉಳಿದವಕ್ಕೂ ಜಗ್ಗುವುದಿಲ್ಲ. ಲೇಬಲ್ಲಿನ ಮೇಲೆ ಸಂಖ್ಯೆ ಸಿಗದಿದ್ದರೆ ತಾಂತ್ರಿಕ ಹೆಸರು ಓದಿ ಇಲ್ಲಿ ಹೊಂದಿಸಿಕೊಳ್ಳಿ. ಇಲ್ಲಿ ಅಪಾಯ ಎಂದರೆ ನಿರೋಧಕತೆ ಬರುವ ಅಪಾಯ.

- ಗುಂಪು 1: ಕಾರ್ಬೆಂಡಜಿಮ್, ಥಯೋಫನೇಟ್ ಮಿಥೈಲ್. ಅಪಾಯ ಬಹಳ ಹೆಚ್ಚು.
- ಗುಂಪು 3: ಪ್ರೊಪಿಕೊನಜೋಲ್, ಹೆಕ್ಸಾಕೊನಜೋಲ್, ಟೆಬುಕೊನಜೋಲ್, ಡೈಫೆನೊಕೊನಜೋಲ್. ಅಪಾಯ ಮಧ್ಯಮ, ನಿಧಾನವಾಗಿ ಬರುತ್ತದೆ.
- ಗುಂಪು 4: ಮೆಟಲಾಕ್ಸಿಲ್. ಪಿಥಿಯಂ ವರ್ಗಕ್ಕೆ ಮಾತ್ರ. ಅಪಾಯ ಬಹಳ ಹೆಚ್ಚು.
- ಗುಂಪು 7: ಥೈಫ್ಲುಜಮೈಡ್, ಫ್ಲುಕ್ಸಾಪೈರಾಕ್ಸಾಡ್. ಅಪಾಯ ಮಧ್ಯಮದಿಂದ ಹೆಚ್ಚು.
- ಗುಂಪು 11: ಅಜಾಕ್ಸಿಸ್ಟ್ರೋಬಿನ್, ಟ್ರೈಫ್ಲಾಕ್ಸಿಸ್ಟ್ರೋಬಿನ್, ಪೈರಾಕ್ಲೋಸ್ಟ್ರೋಬಿನ್, ಕ್ರೆಸಾಕ್ಸಿಮ್ ಮಿಥೈಲ್. ಅಪಾಯ ಬಹಳ ಹೆಚ್ಚು.
- ವ್ಯಾಲಿಡಮೈಸಿನ್: ಇದರದ್ದೇ ಬೇರೆ ಗುಂಪು. ರೈಜಾಕ್ಟೋನಿಯಾಕ್ಕೆ ಮಾತ್ರ.
- ಫೊಸೆಟೈಲ್ ಅಲ್ಯೂಮಿನಿಯಂ: ಇದೂ ಬೇರೆ ಗುಂಪು. ಪಿಥಿಯಂ ವರ್ಗಕ್ಕೆ.
- ಗುಂಪು ಎಂ: ಮ್ಯಾಂಕೋಜೆಬ್, ಕ್ಲೋರೋಥಲೋನಿಲ್, ಕ್ಯಾಪ್ಟಾನ್, ತಾಮ್ರದ ಔಷಧಿಗಳು. ಶಿಲೀಂಧ್ರಕ್ಕೆ ಏಕಕಾಲಕ್ಕೆ ಹಲವು ಕಡೆ ಪೆಟ್ಟು ಕೊಡುವುದರಿಂದ ಅಪಾಯ ಕಡಿಮೆ. ಎಲೆಯ ಒಳಗೆ ಹೋಗುವುದಿಲ್ಲ, ಹೊರಗಿನಿಂದ ಕಾಯುತ್ತವೆ.

ಅಂಗಡಿಯಲ್ಲಿ ಮೋಸ ಹೋಗುವುದು ಇಲ್ಲೇ. ಬಾವಿಸ್ಟಿನ್ ಕೆಲಸ ಮಾಡಲಿಲ್ಲ ಎಂದು ರೋಕೋ ತಂದರೆ ಏನೂ ಬದಲಾಗಿಲ್ಲ: ಮೊದಲನೆಯದು ಕಾರ್ಬೆಂಡಜಿಮ್, ಎರಡನೆಯದು ಥಯೋಫನೇಟ್ ಮಿಥೈಲ್, ಅದು ಗಿಡದೊಳಗೆ ಕಾರ್ಬೆಂಡಜಿಮ್ ಆಗಿಯೇ ಮಾರ್ಪಡುತ್ತದೆ. ನೇಟಿವೋ ಬಿಟ್ಟು ಅಮಿಸ್ಟಾರ್ ಟಾಪ್, ಅದು ಬಿಟ್ಟು ಕಸ್ಟೋಡಿಯಾ ಎಂದು ಸುತ್ತು ಹಾಕುವವರಿದ್ದಾರೆ. ಮೂರೂ ಒಳ್ಳೆಯ ಔಷಧಿಗಳೇ, ಆದರೆ ಮೂರರಲ್ಲೂ ಇರುವುದು 3 ಮತ್ತು 11ನೇ ಗುಂಪಿನ ಜೋಡಿ. ಡಬ್ಬಿ ಮೂರು, ಶಿಲೀಂಧ್ರದ ಪಾಲಿಗೆ ಒಂದೇ.

ಕಾರ್ಬೆಂಡಜಿಮ್ 12%, ಮ್ಯಾಂಕೋಜೆಬ್ 63% ಸೇರಿದ ಸಾಫ್ ಪುಡಿಯ ಲೆಕ್ಕವನ್ನೂ ನೋಡಿ. ಲೀಟರಿಗೆ 2 ಗ್ರಾಂ ಹಾಕಿದರೆ ಕಾರ್ಬೆಂಡಜಿಮ್ 0.24 ಗ್ರಾಂ, ಮ್ಯಾಂಕೋಜೆಬ್ 1.26 ಗ್ರಾಂ. ನಿಮ್ಮ ಲಾನಿನ ಡಾಲರ್ ಸ್ಪಾಟ್ ಈಗಾಗಲೇ 1ನೇ ಗುಂಪಿಗೆ ಜಗ್ಗದಾಗಿದ್ದರೆ ಅಲ್ಲಿ ಕೆಲಸ ಮಾಡುತ್ತಿರುವುದು ಮ್ಯಾಂಕೋಜೆಬ್ ಒಂದೇ. ಅದಕ್ಕೆ ಬರೀ ಮ್ಯಾಂಕೋಜೆಬ್ 75% ಪುಡಿಯೇ ಅಗ್ಗ, ಲೀಟರಿಗೆ 2 ಗ್ರಾಂನಲ್ಲಿ 1.5 ಗ್ರಾಂ ಸಿಗುತ್ತದೆ.

ಒಂದು ಎಚ್ಚರಿಕೆ. ಈ ಔಷಧಿಗಳ ಲೇಬಲ್ಲಿನಲ್ಲಿ ಭತ್ತ, ದ್ರಾಕ್ಷಿ, ಟೊಮೆಟೊ, ಮೆಣಸಿನಕಾಯಿ ಇರುತ್ತವೆ, ಹುಲ್ಲುಹಾಸಿನ ಹೆಸರು ಕಾಣುವುದು ಅಪರೂಪ. ಕೊಳ್ಳುವ ಮುಂಚೆ ತೋಟಗಾರಿಕೆ ಇಲಾಖೆಯವರನ್ನೋ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೇಳಿ. ಹೊಸ ಔಷಧಿಯನ್ನು ಇಡೀ ಲಾನಿಗೆ ಒಮ್ಮೆಲೇ ಹೊಡೆಯಬೇಡಿ.

ಹಂತ 4: ಪಟ್ಟಿ ಪರೀಕ್ಷೆ ಮಾಡಿ

ನಿರೋಧಕತೆಯನ್ನು ಪಕ್ಕಾ ಹೇಳುವುದು ಪ್ರಯೋಗಾಲಯವೇ. ಆದರೆ ಮನೆಯಂಗಳದಲ್ಲೇ ತಕ್ಕಮಟ್ಟಿಗೆ ತಿಳಿಯಬಹುದು. ಎಲ್ಲ ಹಂತಗಳಲ್ಲಿ ಜನ ಹಾರಿಸುವುದೂ ಇದನ್ನೇ, ಹೆಚ್ಚು ಉಪಯೋಗಕ್ಕೆ ಬರುವುದೂ ಇದೇ.

1. ರೋಗ ಹೊಸದಾಗಿ ಹರಡುತ್ತಿರುವ ಜಾಗ ಆರಿಸಿ. ಪೂರ್ತಿ ಸತ್ತ ಜಾಗ ಬೇಡ.

2. 1 ಮೀಟರ್ ಅಗಲ, 2 ಮೀಟರ್ ಉದ್ದದ ಆರು ಪಟ್ಟಿ ಗುರುತು ಮಾಡಿ, ನಡುವೆ ಒಂದೊಂದು ಅಡಿ ಬಿಡಿ. ಎರಡಕ್ಕೆ ಏನೂ ಹೊಡೆಯಬಾರದು, ಎರಡಕ್ಕೆ ಅನುಮಾನವಿರುವ ಔಷಧಿ, ಎರಡಕ್ಕೆ ಬೇರೆ ಗುಂಪಿನದು. ಒಂದೇ ರೀತಿಯವು ಅಕ್ಕಪಕ್ಕ ಬರದಂತೆ ಕಲೆಸಿ ಹಾಕಿ. ನೆರಳಿನ ಅಂಚು, ತಗ್ಗು ಜಾಗ ಒಂದೇ ಔಷಧಿಯ ಪಾಲಿಗೆ ಬಂದರೆ ಫಲಿತಾಂಶ ಕೆಡುತ್ತದೆ.

3. ಗುಂಟೆಯ ಡೋಸನ್ನು 8ರಿಂದ ಭಾಗಿಸಿದರೆ 1 ಲೀಟರಿಗೆ ಬೇಕಾದದ್ದು ಸಿಗುತ್ತದೆ. ಗುಂಟೆಗೆ 5 ಮಿ.ಲೀ. ಇದ್ದರೆ ಲೀಟರಿಗೆ 0.6 ಮಿ.ಲೀ., 15 ಗ್ರಾಂ ಇದ್ದರೆ 1.9 ಗ್ರಾಂ. 1 ಲೀಟರ್ ಬೆರೆಸಿ, ಪ್ರತಿ ಪಟ್ಟಿಗೆ 160 ಮಿ.ಲೀ. ಮಾತ್ರ ಅಳೆದು ಕೈಪಂಪಿನಲ್ಲಿ ಹೊಡೆಯಿರಿ. ಪಕ್ಕದ ಪಟ್ಟಿಗೆ ಹಾರದಂತೆ ರಟ್ಟು ಅಡ್ಡ ಹಿಡಿಯಿರಿ. ಔಷಧಿ ಬದಲಿಸುವಾಗ ಪಂಪು ಮೂರು ಸಲ ತೊಳೆಯಿರಿ.

4. ಆ ದಿನವೇ ಪ್ರತಿ ಪಟ್ಟಿಯಲ್ಲಿ ಎಷ್ಟು ಕಲೆ ಇದೆ ಎಂದು ಎಣಿಸಿ ಬರೆಯಿರಿ, ಫೋಟೋ ತೆಗೆಯಿರಿ. 7ನೇ ದಿನ ಮತ್ತು 14ನೇ ದಿನ ಮತ್ತೆ ಎಣಿಸಿ.

ಓದುವಾಗ ಸತ್ತ ಎಲೆ ಹಸಿರಾಗಲಿಲ್ಲ ಎಂದು ಕೊರಗಬೇಡಿ, ಅದು ಎಂದೂ ಆಗುವುದಿಲ್ಲ. ನೋಡಬೇಕಾದ್ದು ಹೊಸ ಕಲೆ ಬಂದಿದೆಯೇ, ಹಳೆಯ ಕಲೆ ಅಗಲವಾಗಿದೆಯೇ, ಬೆಳಗಿನ ಇಬ್ಬನಿಯಲ್ಲಿ ಎಳೆ ಕಾಣುತ್ತಿದೆಯೇ ಎನ್ನುವುದನ್ನು.

ಅನುಮಾನದ ಔಷಧಿಯ ಪಟ್ಟಿಗಳು ಏನೂ ಹೊಡೆಯದವುಗಳಂತೆಯೇ ಇದ್ದು, ಬೇರೆ ಗುಂಪಿನವು ಚೊಕ್ಕವಾಗಿದ್ದರೆ ನಿರೋಧಕತೆಯ ಅನುಮಾನ ಬಲವಾದದ್ದು. ಹಳೆಯ ಡಬ್ಬಿ ಕೆಟ್ಟಿರಬಹುದೆಂಬ ಸಂಶಯ ಉಳಿಯಬಾರದೆಂದರೆ ಪರೀಕ್ಷೆಗೆ ಅವಧಿ ಮೀರದ ಹೊಸ ಪ್ಯಾಕನ್ನೇ ಒಡೆಯಿರಿ. ಎರಡೂ ಔಷಧಿ ಸೋತಿದ್ದರೆ ಹಂತ 1ಕ್ಕೆ ಹಿಂತಿರುಗಿ, ನೀವು ಬೇರೆ ರೋಗದ ಬೆನ್ನು ಹತ್ತಿದ್ದೀರಿ. ಎಲ್ಲ ಪಟ್ಟಿಗಳೂ ಚೊಕ್ಕವಾಗಿದ್ದರೆ, ಹೊಡೆಯದವೂ ಸೇರಿ, ಹವಾಮಾನ ಬದಲಾಗಿ ರೋಗ ತಾನೇ ನಿಂತಿದೆ. ಈ ಕೊನೆಯದು ಜನ ಅಂದುಕೊಂಡದ್ದಕ್ಕಿಂತ ಹೆಚ್ಚು ಸಲ ಆಗುತ್ತದೆ, ಹೆಸರು ಮಾತ್ರ ಔಷಧಿಗೆ ಬರುತ್ತದೆ.

3ನೇ ಗುಂಪಿನದಾದರೆ ಫಲಿತಾಂಶ ಇಷ್ಟು ಸ್ಪಷ್ಟವಾಗಿರದೆ ನಡುವೆ ನಿಲ್ಲಬಹುದು: ಮೊದಲ ವಾರ ಹಿಡಿತ, ಎರಡನೇ ವಾರ ಮತ್ತೆ ಕಲೆ. ಮೊದಲು ಮೂರು ವಾರ ಕಾಯುತ್ತಿದ್ದ ಔಷಧಿ ಹತ್ತು ದಿನಕ್ಕೇ ಸುಸ್ತಾಗುತ್ತಿದ್ದರೆ ಅದು ಆ ಗುಂಪಿನ ನಿರೋಧಕತೆ ಶುರುವಾಗುವ ಪರಿ.

ಹಂತ 5: ಸೋತ ಗುಂಪನ್ನು ನಿಲ್ಲಿಸಿ, ಡೋಸ್ ಏರಿಸಬೇಡಿ

"ಸ್ವಲ್ಪ ಸ್ಟ್ರಾಂಗ್ ಮಾಡಿ ಹೊಡೀರಿ" ಎನ್ನುವುದು ಕೌಂಟರಿನಲ್ಲಿ ಸಿಗುವ ಮೊದಲ ಸಲಹೆ. 1 ಮತ್ತು 11ನೇ ಗುಂಪಿನಲ್ಲಿ ಇದರಿಂದ ಪ್ರಯೋಜನವಿಲ್ಲ. 11ನೇ ಗುಂಪಿನ ಔಷಧಿ ಕೂರುವ ಪ್ರೋಟೀನಿನಲ್ಲಿ 143ನೇ ಜಾಗದ ಗ್ಲೈಸಿನ್ ಹೋಗಿ ಅಲನಿನ್ ಬಂದರೆ ಸಾಕು, ಔಷಧಿ ಅಲ್ಲಿ ಕೂರಲಾಗುವುದಿಲ್ಲ. ಎರಡು ಪಟ್ಟು ಹಾಕಿದರೂ ಅಷ್ಟೇ, ಐದು ಪಟ್ಟು ಹಾಕಿದರೂ ಅಷ್ಟೇ. 1ನೇ ಗುಂಪಿನಲ್ಲೂ ಇಂಥದೇ ಒಂದು ಬದಲಾವಣೆ ಸಾಕು. ಹಾಗೆ ಒಮ್ಮೆ ಬಂದ ನಿರೋಧಕತೆ, ಔಷಧಿ ನಿಲ್ಲಿಸಿದ ಮೇಲೂ ವರ್ಷಗಟ್ಟಲೆ ಉಳಿಯುತ್ತದೆ. ಡಾಲರ್ ಸ್ಪಾಟಿಗೆ 1ನೇ ಗುಂಪು ಸೋತಿತೆಂದರೆ ಆ ಲಾನಿನಲ್ಲಿ ಅದನ್ನು ಮರೆತುಬಿಡುವುದೇ ಮೇಲು.

3ನೇ ಗುಂಪಿನಲ್ಲಿ ನಿರೋಧಕತೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಅಲ್ಲಿ ಅರೆ ಡೋಸ್ ದೊಡ್ಡ ಶತ್ರು. ಹಾಗೆಂದು ಲೇಬಲ್ ಮೀರಿದರೆ ಬೇರೆ ತಾಪತ್ರಯ: ಈ ಗುಂಪಿನವು ಗರಿಕೆ ಜಾತಿಯ ಹುಲ್ಲಿನ ಬೆಳವಣಿಗೆಯನ್ನೇ ತಡೆಯುತ್ತವೆ. ಬೇಸಿಗೆಯಲ್ಲಿ ಮೇಲಿಂದ ಮೇಲೆ ಬಿದ್ದರೆ ಹುಲ್ಲು ನೀಲಿಗಪ್ಪಾಗಿ, ಒರಟಾಗಿ, ಮುದುಡಿ ಕೂರುತ್ತದೆ.

ಹಂತ 6: ವರ್ಷದ ಲೆಕ್ಕ ಹಾಕಿ

ಮೈಸೂರು, ಮಂಡ್ಯದ ಹವೆಗೆ ಒಂದು ಚೌಕಟ್ಟು ಹೀಗಿರಬಹುದು. ರೋಗ ಕಂಡರೆ ಮಾತ್ರ, ಅಥವಾ ಪ್ರತಿವರ್ಷ ಅದೇ ಜಾಗದಲ್ಲಿ ಬರುತ್ತದೆ ಎಂದು ಗೊತ್ತಿದ್ದರೆ ಮಾತ್ರ ಹೊಡೆಯಬೇಕು ಎನ್ನುವುದು ಮೊದಲ ಷರತ್ತು.

ಮೇ–ಜೂನ್: ಸೆಕೆಯ ಜೊತೆ ಮಳೆ. ಎಲೆಚುಕ್ಕೆಗೆ ಮ್ಯಾಂಕೋಜೆಬ್ ಸಾಕು. ನೀರು ನಿಲ್ಲುವ ಕಡೆ ಪಿಥಿಯಂ ಬರುವುದಾದರೆ ಮೆಟಲಾಕ್ಸಿಲ್ ಒಂದನ್ನೇ ಎಂದೂ ಹೊಡೆಯಬೇಡಿ. ಮ್ಯಾಂಕೋಜೆಬ್ ಜೊತೆಗಿರುವ ಮಿಶ್ರಣ ಒಂದು ಸಲ, ಮತ್ತೆ ಬೇಕಾದರೆ ಫೊಸೆಟೈಲ್.

ಆಗಸ್ಟ್–ಅಕ್ಟೋಬರ್: ರೈಜಾಕ್ಟೋನಿಯಾ ಕಾಲ. ಮೊದಲ ಸಿಂಪಡಣೆ 11ನೇ ಗುಂಪು, ಎರಡನೆಯದು ವ್ಯಾಲಿಡಮೈಸಿನ್ ಅಥವಾ 7ನೇ ಗುಂಪು. ಭತ್ತದ ಔಷಧಿ ಮಾರುವ ಮಂಡ್ಯದ ಅಂಗಡಿಗಳಲ್ಲಿ ವ್ಯಾಲಿಡಮೈಸಿನ್ ಸುಲಭವಾಗಿ ಸಿಗುತ್ತದೆ.

ನವೆಂಬರ್–ಜನವರಿ: ಇಬ್ಬನಿ, ಡಾಲರ್ ಸ್ಪಾಟ್, ತುಕ್ಕು. 3ನೇ ಗುಂಪು ಒಂದು ಸಲ, ಅದರ ಆಚೀಚೆ ಮ್ಯಾಂಕೋಜೆಬ್.

ಫೆಬ್ರವರಿ–ಏಪ್ರಿಲ್: ಬಹುತೇಕ ಏನೂ ಬೇಡ.

ಮಿತಿ: 11ನೇ ಗುಂಪು ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚಿಲ್ಲ, ಬೆನ್ನುಬೆನ್ನಿಗೆ ಎಂದೂ ಇಲ್ಲ. 3ನೇ ಗುಂಪು ಎರಡು, ಹೆಚ್ಚೆಂದರೆ ಮೂರು. 1ನೇ ಗುಂಪು ಒಂದು ಅಥವಾ ಸೊನ್ನೆ. ಜೋಡಿ ಔಷಧಿ ಹೊಡೆದರೆ ಎರಡೂ ಗುಂಪಿನ ಖಾತೆಗೆ ಒಂದೊಂದು ಬರೆಯಿರಿ. ಜೋಡಿಯಿಂದ ರಕ್ಷಣೆ ಸಿಗಬೇಕಾದರೆ ಎರಡರಲ್ಲಿ ಪ್ರತಿಯೊಂದೂ ಆ ರೋಗದ ಮೇಲೆ ಒಂಟಿಯಾಗಿ ಹೊಡೆದರೂ ನಾಟುವಂತಿರಬೇಕು ಎನ್ನುವುದನ್ನೂ ನೆನಪಿಡಿ.

ಕ್ಲೋರೋಥಲೋನಿಲ್ ಬಗ್ಗೆ: ಅಮೆರಿಕದಲ್ಲಿ ಗಾಲ್ಫ್ ಮೈದಾನಕ್ಕೆ ಬಳಸುತ್ತಾರೆ, ಮನೆ ಲಾನಿಗೆ ಅಲ್ಲಿನ ಲೇಬಲ್ ಅನುಮತಿಸುವುದಿಲ್ಲ. ಮಕ್ಕಳು ಉರುಳಾಡುವ ಹುಲ್ಲಿಗೆ ನಾವೂ ಬಿಡುವುದು ಒಳ್ಳೆಯದು. ಯಾವುದನ್ನೇ ಹೊಡೆದರೂ ಪೂರ್ತಿ ಒಣಗುವವರೆಗೆ ಮಕ್ಕಳು, ನಾಯಿ, ಹಸು ಹುಲ್ಲಿಗೆ ಇಳಿಯಬಾರದು. ಕತ್ತರಿಸಿದ ಹುಲ್ಲನ್ನು ದನಕ್ಕೆ ಹಾಕಬಾರದು. 11ನೇ ಗುಂಪಿನವು ಮೀನು ಮತ್ತಿತರ ಜಲಚರಗಳಿಗೆ ವಿಷ. ನಾಲೆ, ಕೆರೆ, ಮೀನಿನ ಕೊಳದ ಅಂಚಿನಲ್ಲಿ ಹೊಡೆಯಬೇಡಿ, ಕ್ಯಾನು ತೊಳೆದ ನೀರನ್ನೂ ಅಲ್ಲಿಗೆ ಚೆಲ್ಲಬೇಡಿ. ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದ್ದರೆ ಗಾಳಿಯ ದಿಕ್ಕು ನೋಡದೆ ಪಂಪು ಎತ್ತಬೇಡಿ.

ಹಂತ 7: ಹೊಡೆಯುವ ಸಲವನ್ನೇ ಕಡಿಮೆ ಮಾಡಿ

ಗುಂಪು ಬದಲಿಸುವುದರಿಂದ ನಿರೋಧಕತೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಸಿಂಪಡಣೆ ಕಡಿಮೆಯಾದಷ್ಟೂ ಔಷಧಿ ಬಾಳುತ್ತದೆ.

ಸಂಜೆ ನೀರು ಬಿಡುವುದನ್ನು ಇಂದೇ ನಿಲ್ಲಿಸಿ. ಎಲೆ ಹೆಚ್ಚು ಹೊತ್ತು ಒದ್ದೆಯಿದ್ದಷ್ಟೂ ಶಿಲೀಂಧ್ರಕ್ಕೆ ಹಬ್ಬ. ಬೆಳಗಿನ ಐದರಿಂದ ಏಳರೊಳಗೆ, ವಾರಕ್ಕೆರಡು ಸಲ ಆಳವಾಗಿ ಬಿಡಿ. ಚಳಿಗಾಲದಲ್ಲಿ ಬೆಳಿಗ್ಗೆ ಇಬ್ಬರು ಎರಡು ತುದಿ ಹಿಡಿದು ನೀರಿನ ಪೈಪನ್ನು ಹುಲ್ಲಿನ ಮೇಲೆ ಎಳೆದುಕೊಂಡು ಹೋದರೆ ಇಬ್ಬನಿ ಉದುರಿ ಎಲೆ ಬೇಗ ಒಣಗುತ್ತದೆ. ಖರ್ಚಿಲ್ಲ, ಡಾಲರ್ ಸ್ಪಾಟ್ ಗಣನೀಯವಾಗಿ ಇಳಿಯುತ್ತದೆ.

ಡಾಲರ್ ಸ್ಪಾಟ್ ಹಸಿದ ಹುಲ್ಲಿನ ರೋಗ. ಗುಂಟೆಗೆ 500 ಗ್ರಾಂ ಯೂರಿಯಾ ಎರಚಿ ಕೂಡಲೇ ನೀರು ಬಿಟ್ಟರೆ ಹುಲ್ಲು ರೋಗಕ್ಕಿಂತ ವೇಗವಾಗಿ ಬೆಳೆದು ಕಲೆ ಮುಚ್ಚುತ್ತದೆ. ಅದೇ ಯೂರಿಯಾ ಪಿಥಿಯಂ, ರೈಜಾಕ್ಟೋನಿಯಾ ಇರುವಾಗ ಹಾಕಿದರೆ ಉರಿಯುವ ಬೆಂಕಿಗೆ ತುಪ್ಪ. ರೋಗ ಯಾವುದೆಂದು ತಿಳಿಯದೆ ಗೊಬ್ಬರದ ಚೀಲ ಬಿಚ್ಚಬೇಡಿ.

ಒಮ್ಮೆಗೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ. ಮಣ್ಣಿಗೂ ಹಸಿರಿಗೂ ನಡುವೆ ಸತ್ತ ಕಡ್ಡಿಬೇರಿನ ಪದರ ಒಂದು ಸೆಂಟಿಮೀಟರ್ ದಾಟಿದ್ದರೆ ಕುಂಟೆಯಿಂದ ಗೀರಿ ತೆಗೆಯಿರಿ. ರೋಗವಿರುವಾಗ ಕತ್ತರಿಸಿದ ಹುಲ್ಲನ್ನು ಲಾನಿನಲ್ಲೇ ಬಿಡಬೇಡಿ.

ನಿರೋಧಕ ಶಿಲೀಂಧ್ರ ನಿಮ್ಮಲ್ಲೇ ಹುಟ್ಟಬೇಕೆಂದಿಲ್ಲ, ಹೊರಗಿನಿಂದಲೂ ಬರುತ್ತದೆ. ದಿನಕ್ಕೆ ಐದಾರು ಮನೆ ಕತ್ತರಿಸುವ ಗುತ್ತಿಗೆಯವರ ಮೂವರ್ ಒಂದು ದಾರಿ. ನಿಮ್ಮ ಗೇಟಿನೊಳಗೆ ಬರುವ ಮುಂಚೆ ಡೆಕ್ಕಿನ ತಳ ಬ್ರಷ್ಷಿನಿಂದ ಉಜ್ಜಿ ತೊಳೆಸಿ. ಇನ್ನೊಂದು ದಾರಿ ನರ್ಸರಿಯಿಂದ ತರುವ ಹುಲ್ಲಿನ ಹಾಸು. ಅಲ್ಲಿ ವಾರವಾರ ಒಂದೇ ಪುಡಿ ಹೊಡೆದು ಬೆಳೆಸಿದ್ದರೆ, ಆ ಪುಡಿಗೆ ಜಗ್ಗದ ಶಿಲೀಂಧ್ರವನ್ನು ನೀವು ದುಡ್ಡು ಕೊಟ್ಟು ತಂದು ಹಾಸಿದ ಹಾಗಾಯಿತು. "ಯಾವ ಔಷಧಿ, ಎಷ್ಟು ದಿನಕ್ಕೊಮ್ಮೆ ಹೊಡೆದಿದ್ದೀರಿ?" ಎಂದು ಚದರಡಿ ದರ ಕೇಳುವ ಮುಂಚೆ ಕೇಳಿ.

ಹಂತ 8: ಬರೆದಿಡಿ, ಬೇಕಾದರೆ ಮಾದರಿ ಕೊಡಿ

ಪ್ರತಿ ಸಿಂಪಡಣೆಗೆ ಒಂದು ಸಾಲು ಸಾಕು: ತಾರೀಕು, ರೋಗ, ತಾಂತ್ರಿಕ ಹೆಸರು, ಗುಂಪಿನ ಸಂಖ್ಯೆ, ಗುಂಟೆಗೆ ಎಷ್ಟು, ಎಷ್ಟು ದಿನ ಹಿಡಿಯಿತು. ಕೊನೆಯ ಕಲಂ ಮುಖ್ಯ. ಅಲ್ಲಿನ ಅಂಕಿ 21, 16, 10 ಎಂದು ಇಳಿಯುತ್ತಿದ್ದರೆ ಪಟ್ಟಿ ಪರೀಕ್ಷೆಗೆ ಹೊತ್ತಾಯಿತು. ಮಾಲಿ ಬದಲಾದಾಗ ಈ ಪುಸ್ತಕ ಅವರ ಜೊತೆ ಹೋಗದಂತೆ ನೋಡಿಕೊಳ್ಳಿ.

ಪಟ್ಟಿ ಪರೀಕ್ಷೆಯಲ್ಲಿ ಎರಡು ಗುಂಪೂ ಸೋತು, ರೋಗ ಯಾವುದೆಂದೂ ತಿಳಿಯದಿದ್ದರೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ, ಇಲವಾಲದ ಬಳಿಯ ತೋಟಗಾರಿಕೆ ಕಾಲೇಜು ಅಥವಾ ಮಂಡ್ಯದ ವಿ.ಸಿ. ಫಾರಂನಲ್ಲಿ ಸಸ್ಯರೋಗ ತಜ್ಞರನ್ನು ವಿಚಾರಿಸಿ. ಮಾದರಿಯನ್ನು ಕಲೆಯ ನಡುವಿನಿಂದ ತೆಗೆಯಬೇಡಿ, ಅಲ್ಲಿರುವುದು ಸತ್ತ ಹುಲ್ಲು ಮತ್ತು ಅದನ್ನು ತಿನ್ನಲು ಬಂದ ಬೇರೆ ಬೂಷ್ಟು. ಅರ್ಧ ರೋಗ, ಅರ್ಧ ಹಸಿರು ಇರುವ ಅಂಚಿನಲ್ಲಿ ನಾಲ್ಕು ಅಂಗುಲ ಚೌಕ, ಎರಡು ಅಂಗುಲ ಆಳ ಮಣ್ಣು ಸಮೇತ ಕತ್ತರಿಸಿ. ಬರೀ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ದಾರಿಯಲ್ಲೇ ಬೆವೆತು ಕೊಳೆಯುತ್ತದೆ, ಒಣ ಪೇಪರಿನಲ್ಲಿ ಸುತ್ತಿ ರಟ್ಟಿನ ಡಬ್ಬಿಯಲ್ಲಿಡಿ. ಔಷಧಿ ಹೊಡೆಯುವ ಮುಂಚೆ ತೆಗೆದದ್ದಾಗಿರಲಿ. ಶನಿವಾರ ಒಯ್ದು ಬಾಗಿಲ ಬಳಿ ಇಟ್ಟುಬರುವುದಕ್ಕಿಂತ ಸೋಮವಾರ ಬೆಳಿಗ್ಗೆ ಅಗೆದು ನೇರ ಒಯ್ಯಿರಿ, ಜೊತೆಗೆ ಆ ನೋಟ್‌ಬುಕ್ಕಿನ ಕೊನೆಯ ಒಂದು ವರ್ಷದ ಪುಟಗಳ ಫೋಟೋ ಇರಲಿ.